ನಾರು-ಬೇರನ್ನು ಲ್ಯಾಬಿಗೆ ತಂದ ಕರ್ನಲ್: ರಾಮನಾಥ ಚೋಪ್ರಾ

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆದು ಕೊಡ್ತೀನಿ ಅಂತ ಒಪ್ಪಿಕೊಂಡಾಗ ನನ್ನ ತಲೆಯಲ್ಲಿ ಇದ್ದದ್ದು ವಿಶ್ವೇಶ್ವರಯ್ಯನವರು, ಇಲ್ಲಾಂದ್ರೆ ಸಿ. ವಿ. ರಾಮನ್. ದೀಪಾವಳಿ ರಜೆಗೆ ಊರಿಗೆ ಹೋಗಿ ಬಂದ ಮೇಲೆ ವಿಷಯ ಬದಲಾಯ್ತು. ಅದಕ್ಕೆ ಕಾರಣ ನಮ್ಮ ಅಜ್ಜ.

ನಮ್ಮ ಮನೆ ಲಕ್ಷ್ಮೇಶ್ವರದಲ್ಲಿ. ಅಜ್ಜ ಇರೋದು ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆ ಮುಂದೆ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯವರಿಗೆ ಕಪ್ಪತಗುಡ್ಡ ಅಂದರೆ ಔಷಧಿ ಗಿಡಗಳ ಗುಡ್ಡ. 2019ರಲ್ಲಿ ಅದು ವನ್ಯಜೀವಿ ಧಾಮ ಆಯ್ತು. ಗುಡ್ಡದ ಬೇರು, ತೊಗಟೆ, ಸೊಪ್ಪಿನ ಬಗ್ಗೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಕಥೆ ಇರುತ್ತದೆ. ಕಾಮಣಿಗೆ ಒಂದು, ಕೆಮ್ಮಿಗೆ ಒಂದು, ಕೀಲುನೋವಿಗೆ ಇನ್ನೊಂದು. ಅಜ್ಜನಿಗೆ ಇವೆಲ್ಲ ಬಾಯಿಪಾಠ.

ನಾಲ್ಕು ವರ್ಷದ ಹಿಂದೆ ಅಜ್ಜ ಬಿದ್ದು ತಲೆಗೆ ಪೆಟ್ಟಾಗಿತ್ತು. ಆಮೇಲೆ ಫಿಟ್ಸ್ ಶುರುವಾಯ್ತು. ಅವತ್ತಿನಿಂದ ದಿನಾ ರಾತ್ರಿ ಫೆನಿಟಾಯಿನ್ ಅನ್ನೋ ಗುಳಿಗೆ ತಗೋತಾರೆ. ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಈ ದೀಪಾವಳಿಗೆ ಹೋದಾಗ ಅಜ್ಜ ಗೋಡೆ ಹಿಡಕೊಂಡು ನಡೀತಿದ್ರು. ಮಾತು ತೊದಲುತ್ತಿತ್ತು. ಮನೆಯವರೆಲ್ಲ ವಯಸ್ಸಾಯ್ತು, ಅದಕ್ಕೇ ಹೀಗೆ ಅಂದುಕೊಂಡಿದ್ದರು. ಗದಗಕ್ಕೆ ಕರಕೊಂಡು ಹೋದೆವು. ಬೇರೆ ಏನಾದರೂ ಔಷಧ ತಗೋತಾ ಇದ್ದಾರಾ ಅಂತ ಡಾಕ್ಟರ್ ಕೇಳಿದರು. ಇಲ್ಲ ಅಂತ ಎಲ್ಲರೂ ಒಟ್ಟಿಗೆ ಹೇಳಿದೆವು. ರಕ್ತ ಪರೀಕ್ಷೆ ಮಾಡಿಸಿದಾಗ ಫೆನಿಟಾಯಿನ್ ಇರಬೇಕಾದ ಮಟ್ಟಕ್ಕಿಂತ ಹೆಚ್ಚಾಗಿತ್ತು. ಗುಳಿಗೆ ಅದೇ, ಡೋಸ್ ಅದೇ, ಹಾಗಾದರೆ ಹೆಚ್ಚಾಗಿದ್ದು ಹೇಗೆ? ಡಾಕ್ಟರ್ ಇನ್ನೊಂದು ಸಲ ಬಿಡಿಸಿ ಬಿಡಿಸಿ ಕೇಳಿದಾಗ ಅವ್ವನಿಗೆ ನೆನಪಾಯ್ತು. ಕೆಮ್ಮು ಅಂತ ಅಜ್ಜ ಮೂರು ವಾರದಿಂದ ಹಿಪ್ಪಲಿ, ಮೆಣಸಿನಕಾಳು, ಒಣ ಶುಂಠಿ ಕುಟ್ಟಿದ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ದಿನಾ ಎರಡು ಹೊತ್ತು ತಿನ್ನುತ್ತಿದ್ದರು.

ಇದನ್ನು ಯಾಕೆ ಮೊದಲೇ ಹೇಳಲಿಲ್ಲ? ಯಾರೂ ಮುಚ್ಚಿಡಲಿಲ್ಲ. ಅದು ಔಷಧ ಅಂತ ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ. ಅಡುಗೆಮನೆ ಡಬ್ಬಿಯಲ್ಲಿರೋ ಸಾಮಾನು ಔಷಧ ಹೇಗಾಗುತ್ತೆ? ಡಾಕ್ಟರ್ ಪುಡಿ ನಿಲ್ಲಿಸೋಕೆ ಹೇಳಿದರು, ಗುಳಿಗೆಯ ಲೆಕ್ಕ ಸರಿ ಮಾಡಿದರು. ಎರಡು ವಾರದಲ್ಲಿ ಅಜ್ಜ ಮೊದಲಿನಂತಾದರು. ಪುಡಿಯಿಂದಲೇ ಹೀಗಾಯ್ತು ಅಂತ ಡಾಕ್ಟರ್ ಖಡಾಖಂಡಿತ ಹೇಳಲಿಲ್ಲ. ವಯಸ್ಸು ಮತ್ತು ಬೇರೆ ಕಾರಣಗಳೂ ಸೇರಿರಬಹುದು, ಆದರೆ ಹೀಗಾಗೋದು ಸಾಧ್ಯ ಅಂದರು.

ಹಿಪ್ಪಲಿಗೂ ಗುಳಿಗೆಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದಾಗ ನಾನು ಹೋಗಿ ಮುಟ್ಟಿದ್ದು ಜಮ್ಮುವಿನ ಒಂದು ಪ್ರಯೋಗಾಲಯಕ್ಕೆ. ಅದನ್ನು ಕಟ್ಟಿದವರು ಯಾರು ಅಂತ ನೋಡಿದರೆ ಕರ್ನಲ್ ಸರ್ ರಾಮನಾಥ ಚೋಪ್ರಾ. ಭಾರತದ ಔಷಧ ವಿಜ್ಞಾನದ ಪಿತಾಮಹ ಅಂತ ಅವರನ್ನು ಕರೆಯುತ್ತಾರೆ. ಮೆಡಿಕಲ್, ಫಾರ್ಮಸಿ ಓದುವವರಿಗೆ ಗೊತ್ತಿರೋ ಹೆಸರು. ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಗುಜರಾನ್‌ವಾಲಾದಿಂದ ಕೇಂಬ್ರಿಡ್ಜ್‌ಗೆ

ಚೋಪ್ರಾ ಹುಟ್ಟಿದ್ದು 1882ರ ಆಗಸ್ಟ್ 17ರಂದು, ಗುಜರಾನ್‌ವಾಲಾದಲ್ಲಿ. ಆ ಊರು ಈಗ ಪಾಕಿಸ್ತಾನದ ಪಂಜಾಬಿನಲ್ಲಿದೆ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ 1903ರಲ್ಲಿ ಇಂಗ್ಲೆಂಡಿಗೆ ಹೋದರು. ಆಗ ಅವರ ವಯಸ್ಸು 21, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಕೇಂಬ್ರಿಡ್ಜ್‌ನ ಡೌನಿಂಗ್ ಕಾಲೇಜಿನಲ್ಲಿ ವಿಜ್ಞಾನ ಓದಿ, ಆಮೇಲೆ ವೈದ್ಯ ಪದವಿ ಪಡೆದರು.

ಅಲ್ಲಿ ಅವರಿಗೆ ಸಿಕ್ಕ ಗುರು ವಾಲ್ಟರ್ ಅರ್ನೆಸ್ಟ್ ಡಿಕ್ಸನ್. ಡಿಕ್ಸನ್ ಕಲಿಸುತ್ತಿದ್ದದ್ದು ಫಾರ್ಮಕಾಲಜಿ. ಆ ಕಾಲಕ್ಕೆ ಅದು ತೀರಾ ಹೊಸ ವಿಷಯ. ಯಾವ ರೋಗಕ್ಕೆ ಯಾವ ಔಷಧ ಅಂತ ಪಟ್ಟಿ ಬಾಯಿಪಾಠ ಮಾಡೋದು ಹಳೆಯ ಪದ್ಧತಿ. ಔಷಧ ದೇಹದಲ್ಲಿ ನಿಜವಾಗಿ ಏನು ಮಾಡುತ್ತೆ, ಎಷ್ಟು ಕೊಟ್ಟರೆ ಎಷ್ಟು ಪರಿಣಾಮ ಅಂತ ಅಳೆದು ನೋಡೋದು ಹೊಸ ಪದ್ಧತಿ. ಚೋಪ್ರಾ ಈ ಅಳತೆಯ ಪದ್ಧತಿಗೆ ಮನಸ್ಸು ಕೊಟ್ಟರು. ಜೀವನಪೂರ್ತಿ ಅದನ್ನು ಬಿಡಲಿಲ್ಲ.

1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಪರೀಕ್ಷೆ ಪಾಸಾಗಿ ಸೈನ್ಯದ ವೈದ್ಯರಾದರು. ಬ್ರಿಟಿಷರೇ ತುಂಬಿದ್ದ ಆ ಸೇವೆಯಲ್ಲಿ ಭಾರತೀಯರು ಕಡಿಮೆ. ಕರ್ನಲ್ ಅನ್ನೋ ಬಿರುದು ಬಂದದ್ದು ಅಲ್ಲಿಂದಲೇ. ಮೊದಲ ಮಹಾಯುದ್ಧದ ವರ್ಷಗಳನ್ನು ಅವರು ಸೈನ್ಯದಲ್ಲೇ ಕಳೆದರು. ಲ್ಯಾಬ್‌ನಲ್ಲಿ ಕೂತು ಸಂಶೋಧನೆ ಮಾಡೋ ಆಸೆ ಇದ್ದ ಮನುಷ್ಯನಿಗೆ ಸುಮಾರು ಹನ್ನೆರಡು ವರ್ಷ ಅದಕ್ಕೆ ಅವಕಾಶವೇ ಸಿಗಲಿಲ್ಲ. ಒಂದು ಸೆಮಿಸ್ಟರ್ ಹಾಳಾದರೆ ಜೀವನವೇ ಮುಗೀತು ಅಂದುಕೊಳ್ಳೋ ನಾವು ಇದನ್ನು ನೆನಪಿಡಬೇಕು.

ಕಲ್ಕತ್ತಾ: ಬೇರು ಕುಟ್ಟಿ ಅಳೆಯೋ ಕೆಲಸ

1921ರಲ್ಲಿ ಕಲ್ಕತ್ತಾದಲ್ಲಿ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಶುರುವಾಯ್ತು. ಅಲ್ಲಿ ಫಾರ್ಮಕಾಲಜಿ ಪ್ರಾಧ್ಯಾಪಕರಾಗಿ ಚೋಪ್ರಾ ಬಂದರು. ಆಗ ಅವರಿಗೆ ಹತ್ತಿರ ಹತ್ತಿರ 40 ವರ್ಷ. ನಿಜವಾದ ಕೆಲಸ ಶುರುವಾದದ್ದೇ ಈಗ.

ಆಗಿನ ಪರಿಸ್ಥಿತಿ ಹೀಗಿತ್ತು. ಇಂಗ್ಲಿಷ್ ಔಷಧಗಳು ಹಡಗಿನಲ್ಲಿ ಬರುತ್ತಿದ್ದವು, ಬೆಲೆ ಜಾಸ್ತಿ, ಬಡವರ ಕೈಗೆ ಸಿಗುತ್ತಿರಲಿಲ್ಲ. ಹಳ್ಳಿಗಳಲ್ಲಿ ಜನ ವೈದ್ಯರು, ಹಕೀಮರು ಕೊಡೋ ನಾರು-ಬೇರನ್ನೇ ನಂಬಿದ್ದರು. ಓದಿದ ಡಾಕ್ಟರ್‌ಗಳಲ್ಲಿ ಬಹಳ ಮಂದಿ ಅದನ್ನೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕುತ್ತಿದ್ದರು. ಇನ್ನೊಂದು ಕಡೆಯವರು ಋಷಿಗಳು ಹೇಳಿದ್ದನ್ನು ಪರೀಕ್ಷೆ ಮಾಡೋದೇ ಅವಮಾನ ಅನ್ನುತ್ತಿದ್ದರು. ಚೋಪ್ರಾ ಈ ಎರಡೂ ಗುಂಪಿಗೆ ಸೇರಲಿಲ್ಲ. ಸಾವಿರಾರು ವರ್ಷ ಬಳಸಿದ ಗಿಡದಲ್ಲಿ ಏನೋ ಇರಬಹುದು, ಇದ್ದರೆ ಅದನ್ನು ಅಳೆಯೋಕೆ ಬರಬೇಕು ಅನ್ನೋದು ಅವರ ನಿಲುವು.

ಅವರ ಪದ್ಧತಿ ಹೆಚ್ಚುಕಡಿಮೆ ನಮ್ಮ ಪ್ರಾಜೆಕ್ಟ್ ಮಾಡೋ ಹಾಗೇ ಇತ್ತು, ಹಂತ ಹಂತವಾಗಿ. ಮೊದಲು ಗಿಡ ಯಾವುದು ಅಂತ ಸರಿಯಾಗಿ ಗುರುತಿಸಬೇಕು. ಯಾಕಂದ್ರೆ ಒಂದೇ ಹೆಸರಿನಲ್ಲಿ ಊರಿಗೊಂದು ಗಿಡ ಮಾರುತ್ತಾರೆ. ಆಮೇಲೆ ರಸಾಯನ ತಜ್ಞರು ಅದರೊಳಗಿನ ಸಾರವನ್ನು ಬೇರ್ಪಡಿಸಬೇಕು. ಈ ಕೆಲಸಕ್ಕೆ ಸುಧಾಮಯ್ ಘೋಷ್ ಅವರಂಥ ರಸಾಯನ ವಿಜ್ಞಾನಿಗಳು ಜೊತೆಗಿದ್ದರು. ಆಮೇಲೆ ಪ್ರಾಣಿಗಳ ಮೇಲೆ ರಕ್ತದೊತ್ತಡ, ಹೃದಯ ಬಡಿತ, ಉಸಿರಾಟ ಹೇಗೆ ಬದಲಾಗುತ್ತೆ ನೋಡಬೇಕು. ಕೊನೆಗೆ ಪಕ್ಕದ ಕಾರ್ಮೈಕಲ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಉಪಯೋಗ ಆಗುತ್ತಾ ಅಂತ ನೋಡಬೇಕು.

ಈ ಜಾಲರಿಯಲ್ಲಿ ಅವರು ಸೋಸಿದ ಗಿಡಗಳಲ್ಲಿ ನಮಗೆ ಪರಿಚಯ ಇರೋವೂ ಇವೆ. ಪುನರ್ನವ, ಅಂದರೆ ಹೊಲದ ಬದುವಿನಲ್ಲೂ ಹಬ್ಬೋ ಕೊಮ್ಮೆ, ಮೂತ್ರ ಹೆಚ್ಚಿಸಿ ಬಾವು ಇಳಿಸುತ್ತದೆಯೇ ಅಂತ ನೋಡಿದರು. ತೊನ್ನಿಗೆ ಹಚ್ಚೋ ಬಾವಂಚಿ ಬೀಜದ ಎಣ್ಣೆಯನ್ನು ಪರೀಕ್ಷಿಸಿದರು. ಆಮಶಂಕೆಗೆ ಕೊಡೋ ಕೊಡಸಿಗದ ತೊಗಟೆಯನ್ನು ನೋಡಿದರು. ಹಿಮಾಲಯದ ಎಫಿಡ್ರಾ ಗಿಡದಲ್ಲಿ ಉಬ್ಬಸಕ್ಕೆ ಬೇಕಾದ ಅಂಶ ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಬೇರೆ ಬೇರೆ ಇರುತ್ತೆ ಅಂತ ಆಗಿನ ಅಧ್ಯಯನಗಳು ತೋರಿಸಿದವು. ಎಲ್ಲ ಗಿಡವೂ ಪಾಸಾಗಲಿಲ್ಲ. ಬಹಳ ಹೆಸರು ಮಾಡಿದ ಎಷ್ಟೋ ಗಿಡಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಅದನ್ನೂ ಅವರು ಹಾಗೆಯೇ ಬರೆದಿಟ್ಟರು. ರೀಡಿಂಗ್ ಬರದಿದ್ದರೆ ಪಕ್ಕದವನ ರೆಕಾರ್ಡ್ ನೋಡಿ ಬರೆಯೋ ನಮಗೆ ಇದು ದೊಡ್ಡ ಪಾಠ.

ಅಫೀಮು, ಗಾಂಜಾ ಚಟದ ಬಗ್ಗೆಯೂ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಅನ್ನೋ ಭ್ರಮೆ ಅವರಿಗೆ ಇರಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಭಾರತದ ವಿಷಸಸ್ಯಗಳ ಬಗ್ಗೆಯೇ ಬೇರೆ ಪುಸ್ತಕ ತಂದರು.

ಕಲಬೆರಕೆ ವಿರುದ್ಧ

1920ರ ದಶಕದಲ್ಲಿ ಮಾರುಕಟ್ಟೆ ತುಂಬಾ ಕಲಬೆರಕೆ ಔಷಧ. ಮಲೇರಿಯಾ ಜ್ವರಕ್ಕೆ ಕೊಡೋ ಕ್ವಿನೈನ್‌ನಲ್ಲೇ ಮೋಸ ನಡೆಯುತ್ತಿತ್ತು. ರೋಗಿ ದುಡ್ಡು ಕೊಟ್ಟು ಗುಳಿಗೆ ನುಂಗಿದರೂ ಜ್ವರ ಇಳಿಯುತ್ತಿರಲಿಲ್ಲ. 1930ರಲ್ಲಿ ಸರ್ಕಾರ ಒಂದು ಔಷಧ ವಿಚಾರಣಾ ಸಮಿತಿ ಮಾಡಿ ಚೋಪ್ರಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 1931ರಲ್ಲಿ ವರದಿ ಬಂತು. ಔಷಧ ತಯಾರಿಕೆಗೆ, ಮಾರಾಟಕ್ಕೆ ಕಾನೂನು ಬೇಕು, ಪರೀಕ್ಷೆ ಮಾಡೋ ಲ್ಯಾಬ್ ಬೇಕು, ಓದಿದ ಫಾರ್ಮಸಿಸ್ಟ್‌ಗಳು ಬೇಕು ಅನ್ನೋದು ಅದರ ಸಾರ. 1937ರಲ್ಲಿ ಕಲ್ಕತ್ತಾದಲ್ಲಿ ಔಷಧ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯ ಅವರ ನೇತೃತ್ವದಲ್ಲೇ ಶುರುವಾಯ್ತು. 1940ರಲ್ಲಿ ಔಷಧ ಕಾಯ್ದೆ ಬಂತು. ಇವತ್ತು ನಾವು ಮೆಡಿಕಲ್ ಶಾಪಿನಲ್ಲಿ ತಗೊಳ್ಳೋ ಗುಳಿಗೆ ಸ್ಟ್ರಿಪ್ ಮೇಲೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಇರೋದರ ಹಿಂದೆ ಆ ಕಾಯ್ದೆಯ ಬೇರಿದೆ.

ಈ ಗಡಿಬಿಡಿಯ ನಡುವೆಯೇ 1933ರಲ್ಲಿ ಅವರ ದೊಡ್ಡ ಪುಸ್ತಕ ಬಂತು, ಇಂಡಿಜೀನಸ್ ಡ್ರಗ್ಸ್ ಆಫ್ ಇಂಡಿಯಾ. ಮೂರು ಉದ್ದೇಶ ಇಟ್ಟುಕೊಂಡು ಬರೆದ ಪುಸ್ತಕ ಅದು. ನಮ್ಮಲ್ಲೇ ಬೆಳೆಯೋ ಗಿಡಗಳಿಂದ ಔಷಧ ತಯಾರಿಸಿ ದೇಶ ತನ್ನ ಕಾಲ ಮೇಲೆ ನಿಲ್ಲಬೇಕು. ಆಯುರ್ವೇದ, ಯುನಾನಿಯವರು ಬಳಸೋ ಗಿಡಗಳಲ್ಲಿ ನಿಜವಾಗಿ ಕೆಲಸ ಮಾಡೋದನ್ನು ಹುಡುಕಬೇಕು. ಔಷಧದ ಬೆಲೆ ಬಡವನ ಕೈಗೆ ಎಟಕುವಂತೆ ಇಳಿಯಬೇಕು.

ಸರ್ಪಗಂಧದ ಕಥೆ

ಅದೇ 1933ರಲ್ಲಿ ಚೋಪ್ರಾ ಮತ್ತು ಸಂಗಡಿಗರು ಸರ್ಪಗಂಧದ ಬೇರಿನ ಬಗ್ಗೆಯೂ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲು ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಹುಚ್ಚಿನ ಆವೇಶವನ್ನು, ರಕ್ತದೊತ್ತಡವನ್ನು ಇಳಿಸುತ್ತದೆ ಅಂತ ಬರೆದಿದ್ದರು. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರಿಂದ ಕೆಲವು ಅಂಶಗಳನ್ನು ಬೇರ್ಪಡಿಸಿದ್ದರು. ಚೋಪ್ರಾ ಗುಂಪು ಪ್ರಾಣಿಗಳಲ್ಲಿ ರಕ್ತದೊತ್ತಡ ಇಳಿಯೋದನ್ನು ಅಳೆದು ತೋರಿಸಿತು.

ಜಗತ್ತು ಇದನ್ನು ಗಮನಿಸೋಕೆ ಇನ್ನೂ 16 ವರ್ಷ ಬೇಕಾಯ್ತು. 1949ರಲ್ಲಿ ಬಾಂಬೆಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ರೋಗಿಗಳ ಲೆಕ್ಕ ಸಮೇತ ಬರೆದ ಮೇಲೆ ಎಲ್ಲರ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಅದರ ಮುಖ್ಯ ಅಂಶ ರಿಸರ್ಪೀನ್ ಅನ್ನು ಬೇರ್ಪಡಿಸಿತು. ಕೆಲವು ವರ್ಷ ಅದು ಲೋಕವೆಲ್ಲ ಬಳಸೋ ಬಿಪಿ ಔಷಧವಾಯ್ತು. ಆಮೇಲೆ ಡೋಸ್ ಹೆಚ್ಚಾದರೆ ಕೆಲವರಿಗೆ ಮನಸ್ಸು ಕುಗ್ಗಿ ಖಿನ್ನತೆ ಬರುತ್ತೆ ಅನ್ನೋದೂ ಕಂಡುಬಂತು.

ಚೋಪ್ರಾ ಅವರ ಪೂರ್ತಿ ವಾದ ಈ ಒಂದು ಬೇರಿನಲ್ಲಿದೆ ಅಂತ ನನಗೆ ಅನ್ನಿಸುತ್ತೆ. ಬೇರು ಬಿಪಿ ಇಳಿಸುತ್ತೆ ಅಂತ ಒಪ್ಪಿದ ಕ್ಷಣವೇ ಅದು ತೊಂದರೆಯನ್ನೂ ಮಾಡಬಲ್ಲದು ಅಂತ ಒಪ್ಪಬೇಕು. ನಮ್ಮ ಕಡೆ ಜನ ಎರಡು ಮಾತು ಒಟ್ಟಿಗೆ ಹೇಳ್ತಾರೆ. ಗಾವಟಿ ಔಷಧ ಭಾರೀ ಪವರ್‌ಫುಲ್ ಅಂತಾರೆ. ಅದರಿಂದ ಏನೂ ಅಪಾಯ ಇಲ್ಲ ಅಂತಲೂ ಅಂತಾರೆ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವಿಲ್ಲ.

ಜಮ್ಮು, ಮತ್ತು ಕೊನೆಯ ವರ್ಷಗಳು

1941ರಲ್ಲಿ ಅವರಿಗೆ ಸರ್ ಪದವಿ ಬಂತು. ಅದೇ ವರ್ಷ ಕಲ್ಕತ್ತಾದ ಸೇವೆ ಮುಗಿಯಿತು. ಅಷ್ಟು ಹೊತ್ತಿಗೆ ಅಲ್ಲಿ ಅವರ ಕೈಕೆಳಗೆ ಕಲಿತ ಒಂದು ಪೀಳಿಗೆಯೇ ತಯಾರಾಗಿತ್ತು. ಅವರಲ್ಲೊಬ್ಬರಾದ ಬಿ. ಮುಖರ್ಜಿ ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ನಿವೃತ್ತಿ ಆದಮೇಲೆ ಚೋಪ್ರಾ ಆರಾಮಾಗಿ ಕೂರಲಿಲ್ಲ. ಜಮ್ಮು ಕಾಶ್ಮೀರ ಸಂಸ್ಥಾನದಲ್ಲಿ ಔಷಧ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. 1957ರಲ್ಲಿ ಅದು ಸಿಎಸ್‌ಐಆರ್‌ಗೆ ಸೇರಿತು. ಈಗ ಅದರ ಹೆಸರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಇಂಟಿಗ್ರೇಟಿವ್ ಮೆಡಿಸಿನ್.

1946ರಲ್ಲಿ ಇನ್ನೊಂದು ಸಮಿತಿಗೆ ಅವರು ಅಧ್ಯಕ್ಷರಾದರು. ದೇಶ ಸ್ವತಂತ್ರ ಆಗುತ್ತಿದೆ, ಆಯುರ್ವೇದ, ಯುನಾನಿಯನ್ನು ಏನು ಮಾಡೋದು ಅನ್ನೋದು ಅದರ ಮುಂದಿದ್ದ ಪ್ರಶ್ನೆ. 1948ರ ವರದಿಯಲ್ಲಿ ಅವರು ಹೇಳಿದ್ದು, ವೈದ್ಯ ಪದ್ಧತಿಗಳು ಬೇರೆ ಬೇರೆ ಗೋಡೆ ಕಟ್ಟಿಕೊಂಡು ಕೂರಬಾರದು, ಒಂದರಲ್ಲಿ ಒಂದು ಬೆರೆಯಬೇಕು, ವಿದ್ಯಾರ್ಥಿಗಳು ಎರಡನ್ನೂ ತಿಳಿಯಬೇಕು ಅನ್ನೋದು. ಅದು ಅವರು ಅಂದುಕೊಂಡ ಹಾಗೆ ನಡೆಯಲಿಲ್ಲ. ಆಯುರ್ವೇದ ಕಾಲೇಜುಗಳು ಒಂದು ಕಡೆ, ಮೆಡಿಕಲ್ ಕಾಲೇಜುಗಳು ಇನ್ನೊಂದು ಕಡೆ ಬೆಳೆದವು.

1956ರಲ್ಲಿ, 74ನೇ ವಯಸ್ಸಿನ ಸುಮಾರಿಗೆ, ಇಬ್ಬರು ಸಹಲೇಖಕರ ಜೊತೆ ಭಾರತದ ಔಷಧಿ ಸಸ್ಯಗಳ ದೊಡ್ಡ ಕೋಶ ತಂದರು. ಇವತ್ತಿಗೂ ಔಷಧಿ ಗಿಡಗಳ ಬಗ್ಗೆ ಬರೆಯೋರು ಅದನ್ನು ತೆರೆಯುತ್ತಾರೆ. 1973ರಲ್ಲಿ ಚೋಪ್ರಾ ತೀರಿಕೊಂಡರು. ಆಗ ಅವರಿಗೆ 90 ವರ್ಷ. 1983ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಸ್ಟಾಂಪ್ ತಂದಿತು.

ಅವರು ಕೇಳದೇ ಬಿಟ್ಟ ಪ್ರಶ್ನೆ

ಔಷಧದ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಔಷಧ ದೇಹಕ್ಕೆ ಏನು ಮಾಡುತ್ತೆ ಅನ್ನೋದು ಒಂದು. ದೇಹ ಔಷಧಕ್ಕೆ ಏನು ಮಾಡುತ್ತೆ ಅನ್ನೋದು ಇನ್ನೊಂದು. ಚೋಪ್ರಾ ಅವರ ಕೆಲಸ ಬಹುಪಾಲು ಮೊದಲನೇ ಪ್ರಶ್ನೆಯದ್ದು. ಎರಡನೇದಕ್ಕೆ ಬೇಕಾದ ಮುಖ್ಯ ಸುಳಿವು ಸಿಕ್ಕಿದ್ದೇ ಅವರ ಮುಪ್ಪಿನಲ್ಲಿ. 1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಒಮುರಾ ಮತ್ತು ಸಾಟೊ ಲಿವರ್‌ನಲ್ಲಿರೋ ಒಂದು ಬಣ್ಣದ ವಸ್ತುವಿಗೆ ಸೈಟೋಕ್ರೋಮ್ ಪಿ-450 ಅಂತ ಹೆಸರಿಟ್ಟರು. ಕಾರ್ಬನ್ ಮೊನಾಕ್ಸೈಡ್ ಸೇರಿದಾಗ ಅದು 450 ನ್ಯಾನೋಮೀಟರ್ ಬೆಳಕನ್ನು ಹೀರುತ್ತೆ, ಅದಕ್ಕೆ ಆ ಹೆಸರು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನ ಸ್ಪೆಕ್ಟ್ರೋಫೋಟೋಮೀಟರ್ ನೆನಪಿದೆಯಲ್ವಾ, ಅದೇ ತತ್ವ.

ಇದು ಒಂದಲ್ಲ, ಒಂದು ಕುಟುಂಬ. ಮನುಷ್ಯನಲ್ಲಿ ಈ ಕುಟುಂಬದ 57 ಜೀನ್‌ಗಳಿವೆ. ನಾವು ನುಂಗಿದ ಗುಳಿಗೆ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಹೋಗೋದು ಲಿವರ್‌ಗೆ. ಅಲ್ಲಿ ಈ ಕಿಣ್ವಗಳು ಔಷಧವನ್ನು ಬದಲಾಯಿಸಿ, ನೀರಿನಲ್ಲಿ ಕರಗಿ ದೇಹದಿಂದ ಹೊರಗೆ ಹೋಗುವಂತೆ ಮಾಡುತ್ತವೆ. ಡಾಕ್ಟರ್ ಬರೆಯೋ ಡೋಸ್ ಈ ಕಿಣ್ವಗಳು ಮಾಮೂಲಿ ವೇಗದಲ್ಲಿ ಕೆಲಸ ಮಾಡ್ತಾವೆ ಅನ್ನೋ ಲೆಕ್ಕದ ಮೇಲೆ ನಿಂತಿದೆ.

ಟೋಲ್ ಗೇಟ್ ಅಂದುಕೊಳ್ಳಿ. ಹತ್ತು ಗೇಟ್ ಇವೆ, ಗಾಡಿಗಳು ಸಲೀಸಾಗಿ ಹೋಗ್ತಿವೆ. ಯಾವುದೋ ಗಿಡಮೂಲಿಕೆಯ ಅಂಶ ಬಂದು ಐದು ಗೇಟ್ ಮುಚ್ಚಿತು ಅಂದ್ರೆ ಗಾಡಿ ಸಾಲು ಬೆಳೆಯುತ್ತೆ. ರಕ್ತದಲ್ಲಿ ಔಷಧ ಏರುತ್ತೆ, ಅದೇ ಡೋಸ್ ವಿಷದ ಹಾಗೆ ವರ್ತಿಸಬಹುದು. ಇನ್ನೊಂದು ಮೂಲಿಕೆ ಇನ್ನೂ ಹತ್ತು ಗೇಟ್ ಹೊಸದಾಗಿ ಕಟ್ಟಿಸಿತು ಅಂದ್ರೆ ಔಷಧ ಕೆಲಸ ಮಾಡೋ ಮೊದಲೇ ದಾಟಿ ಹೋಗುತ್ತೆ. ಗುಳಿಗೆ ನುಂಗಿಯೂ ನುಂಗದ ಹಾಗೆ. ಗೇಟ್ ಮುಚ್ಚೋದು ಬೇಗ ಆಗುತ್ತೆ, ಹೊಸ ಗೇಟ್ ಕಟ್ಟೋಕೆ ಕೆಲವು ದಿನ ಬೇಕು.

ಎರಡೂ ನಡೆದಿವೆ. 1989ರಲ್ಲಿ ಕೆನಡಾದಲ್ಲಿ ಬಿಪಿ ಗುಳಿಗೆಯೊಂದರ ಪ್ರಯೋಗ ಮಾಡೋವಾಗ ಮದ್ಯದ ರುಚಿ ಮರೆಮಾಡೋಕೆ ಗ್ರೇಪ್‌ಫ್ರೂಟ್ ರಸ ಕೊಟ್ಟಿದ್ದರು. ಆ ರಸವೇ ಗೇಟ್ ಮುಚ್ಚುತ್ತೆ ಅಂತ ಆಕಸ್ಮಿಕವಾಗಿ ಗೊತ್ತಾಯ್ತು. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತ ಹಣ್ಣಿನ ತಳಿಯದೇ ಮಗು. ಯುರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ತಗೊಳ್ಳೋ ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ಇದಕ್ಕೆ ಉಲ್ಟಾ, ಹೊಸ ಗೇಟ್ ಕಟ್ಟಿಸುತ್ತೆ. 2000ದಲ್ಲಿ ಜೂರಿಕ್‌ನಿಂದ ವರದಿಯಾದಂತೆ, ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಇದನ್ನು ಸೇವಿಸಿದ ಮೇಲೆ ಅವರ ರಕ್ತದಲ್ಲಿ ಸೈಕ್ಲೋಸ್ಪೋರಿನ್ ಔಷಧ ಇಳಿದುಹೋಗಿ, ದೇಹ ಹೊಸ ಹೃದಯವನ್ನೇ ತಿರಸ್ಕರಿಸೋಕೆ ಶುರುಮಾಡಿತ್ತು.

ಈಗ ಹಿಪ್ಪಲಿಗೆ ಬರೋಣ. ಆಯುರ್ವೇದದಲ್ಲಿ ಹಿಪ್ಪಲಿ, ಮೆಣಸು, ಶುಂಠಿ ಸೇರಿದರೆ ತ್ರಿಕಟು. ಎಷ್ಟೋ ಯೋಗಗಳಲ್ಲಿ ಈ ಮೂರನ್ನು ಸೇರಿಸುತ್ತಾರೆ. ಯಾಕೆ ಸೇರಿಸುತ್ತಾರೆ ಅನ್ನೋ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಚೋಪ್ರಾ ಕಟ್ಟಿದ ಅದೇ ಜಮ್ಮು ಲ್ಯಾಬಿನ ಸಿ. ಕೆ. ಅಟಲ್ ಮತ್ತು ಸಂಗಡಿಗರು. ತ್ರಿಕಟು ಜೊತೆ ಕೊಟ್ಟಾಗ ಬೇರೆ ಔಷಧಗಳು ರಕ್ತದಲ್ಲಿ ಹೆಚ್ಚಾಗುತ್ತವೆ ಅಂತ ಅವರು 1981ರಲ್ಲಿ ಪ್ರಕಟಿಸಿದರು. ಮೆಣಸು, ಹಿಪ್ಪಲಿಯ ಖಾರಕ್ಕೆ ಕಾರಣವಾದ ಪೈಪರೀನ್ ಲಿವರ್‌ನಲ್ಲಿ ಔಷಧ ಕರಗಿಸೋ ಕಿಣ್ವಗಳನ್ನು ತಡೆಯುತ್ತೆ ಅಂತ 1985ರಲ್ಲಿ ತೋರಿಸಿದರು. ಚೋಪ್ರಾ ತೀರಿಕೊಂಡು ಆಗ 12 ವರ್ಷ. ಅವರು ಕೇಳದ ಎರಡನೇ ಪ್ರಶ್ನೆಗೆ ಅವರ ಮನೆಯಲ್ಲೇ ಉತ್ತರ ಬಂತು.

ನಮ್ಮ ಕರ್ನಾಟಕದ್ದೂ ಇದರಲ್ಲಿ ಪಾಲಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದವರು ಅರಿಶಿಣದ ಕರ್ಕ್ಯುಮಿನ್ ಮೇಲೆ ಪ್ರಯೋಗ ಮಾಡಿದರು. 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟರೆ ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಕಾಣಲಿಲ್ಲ. ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಅದು ಸುಮಾರು 20 ಪಟ್ಟು ಏರಿತು. ಇವತ್ತು ಅಂಗಡಿಯಲ್ಲಿ ಸಿಗೋ ಅರಿಶಿಣದ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಸೇರಿಸೋದರ ಹಿಂದೆ ಇರೋದು ಈ ಲೆಕ್ಕ.

ಈ ಗುಣ ಒಳ್ಳೆಯದಕ್ಕೂ ಬರುತ್ತೆ. ಟಿಬಿ ರೋಗಕ್ಕೆ ಕೊಡೋ ರಿಫಾಂಪಿಸಿನ್ ಜೊತೆ ಪೈಪರೀನ್ ಸೇರಿಸಿ, 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಸಾಕಾಗುವಂಥ ಕ್ಯಾಪ್ಸೂಲ್ ಕೂಡ ಜಮ್ಮು ಲ್ಯಾಬಿನ ಕೆಲಸದಿಂದಲೇ ಬಂದು 2009ರಲ್ಲಿ ಮಾರುಕಟ್ಟೆಗೆ ಬಂತು. ಬಡವನಿಗೆ ಔಷಧ ಅಗ್ಗ ಆಗಬೇಕು ಅಂತ 1933ರಲ್ಲಿ ಬರೆದ ಚೋಪ್ರಾ ಇದನ್ನು ನೋಡಿದ್ದರೆ ಖುಷಿ ಪಡುತ್ತಿದ್ದರೇನೋ. ಆದರೆ ಅಲ್ಲಿ ಪೈಪರೀನ್ ಅನ್ನು ತೂಕ ಮಾಡಿ ಹಾಕಿದ್ದಾರೆ. ಅಜ್ಜನ ಡಬ್ಬಿಯಲ್ಲಿ ತೂಕ ಇರಲಿಲ್ಲ.

ನಾನೇ ಒಂದು ಅಂದಾಜು ಮಾಡಿ ನೋಡಿದೆ. ಮೆಣಸಿನಕಾಳಿನ ತೂಕದಲ್ಲಿ ಸುಮಾರು 5 ಶೇಕಡಾ ಪೈಪರೀನ್. ಅಂದರೆ ಪ್ರಯೋಗದಲ್ಲಿ ಕೊಟ್ಟ 20 ಮಿಲಿಗ್ರಾಂಗೆ ಅರ್ಧ ಗ್ರಾಂಗಿಂತ ಕಡಿಮೆ ಮೆಣಸು ಸಾಕು. ಅಜ್ಜ ಒಂದೊಂದು ಹೊತ್ತಿಗೆ ಚಮಚ ತುಂಬಾ ಪುಡಿ ತಿನ್ನುತ್ತಿದ್ದರು. ಸಾರಿಗೆ ಹಾಕೋ ಮೆಣಸಿಗೆ ಯಾರೂ ಹೆದರಬೇಕಾಗಿಲ್ಲ. ಪ್ರಶ್ನೆ ಬರೋದು ಅದನ್ನೇ ವಾರಗಟ್ಟಲೆ, ದಿನಾ, ಔಷಧದ ಪ್ರಮಾಣದಲ್ಲಿ ತಗೊಂಡಾಗ. ಫೆನಿಟಾಯಿನ್ ತಗೊಳ್ಳೋರಿಗೆ ಪೈಪರೀನ್ ಕೊಟ್ಟರೆ ರಕ್ತದಲ್ಲಿ ಫೆನಿಟಾಯಿನ್ ಏರುತ್ತೆ ಅಂತ ರೋಗಿಗಳ ಮೇಲಿನ ಪ್ರಯೋಗದಲ್ಲೂ ಕಂಡಿದ್ದಾರೆ. ಇನ್ನೊಂದು ವಿಷಯ, ಫೆನಿಟಾಯಿನ್ ಕರಗಿಸೋ ಕಿಣ್ವ ಮಾಮೂಲಿ ಡೋಸಿನಲ್ಲೇ ಸ್ಯಾಚುರೇಶನ್ ಹತ್ತಿರ ಇರುತ್ತೆ. ಆಪ್-ಆಂಪ್ ಓದಿದವರಿಗೆ ಗೊತ್ತು, ಅಲ್ಲಿ ಲೀನಿಯರ್ ಲೆಕ್ಕ ನಡೆಯೋದಿಲ್ಲ. ಸಣ್ಣ ತಡೆ ಸಾಕು, ಮಟ್ಟ ಸಿಕ್ಕಾಪಟ್ಟೆ ಏರೋಕೆ.

ಚೋಪ್ರಾ ಒಂದೊಂದು ಗಿಡವನ್ನೂ ಬೇರೆ ಬೇರೆಯಾಗಿ ತಕ್ಕಡಿಗೆ ಹಾಕಿದರು. ಗಿಡ ಮತ್ತು ಗುಳಿಗೆ ಎರಡನ್ನೂ ಒಟ್ಟಿಗೆ ತಗೊಳ್ಳೋ ಮನುಷ್ಯ ಅವರ ತಕ್ಕಡಿಯಲ್ಲಿ ಇರಲಿಲ್ಲ. ಆದರೆ ಎರಡು ಪದ್ಧತಿಯ ವೈದ್ಯರೂ ಒಬ್ಬರನ್ನೊಬ್ಬರು ತಿಳಿಯಬೇಕು ಅಂತ 1948ರಲ್ಲಿ ಹೇಳಿದ್ದರಲ್ಲ, ಆ ಮಾತಿನ ಬೆಲೆ ನನಗೆ ಈಗ ಗೊತ್ತಾಗುತ್ತಿದೆ. ಎರಡು ಪದ್ಧತಿಗಳು ಕಾಲೇಜಿನಲ್ಲಿ ಸೇರಲಿಲ್ಲ. ಸೇರಿದ್ದು ನಮ್ಮ ಅಜ್ಜನ ಲಿವರ್‌ನಲ್ಲಿ.

ಈಗ ಅಜ್ಜನ ಗುಳಿಗೆ ಡಬ್ಬಿ ಮೇಲೆ ಅವ್ವ ಒಂದು ಚೀಟಿ ಅಂಟಿಸಿದ್ದಾರೆ. ಗುಳಿಗೆಗಳ ಹೆಸರಿನ ಕೆಳಗೆ ಕಷಾಯ, ಚೂರ್ಣ, ಲೇಹ್ಯ ಅಂತ ಏನು ತಗೊಂಡರೂ ತಾರೀಖು ಹಾಕಿ ಬರೀತಾರೆ. ಡಾಕ್ಟರ್ ಹತ್ತಿರ ಹೋಗೋವಾಗ ಆ ಚೀಟಿಯೂ ಹೋಗುತ್ತೆ. ಅಜ್ಜನಿಗೆ ಮೊದಲು ಇದು ಅವಮಾನ ಅನ್ನಿಸಿತ್ತು, ತನ್ನ ಗುಡ್ಡದ ಔಷಧದ ಮೇಲೆ ಸಂಶಯ ಪಡ್ತಾರೆ ಅಂತ. ನಾನು ಚೋಪ್ರಾ ಅವರ ಕಥೆ ಹೇಳಿದೆ. ಒಬ್ಬ ಕರ್ನಲ್ ನಾರು-ಬೇರಿಗೆ ಗುಳಿಗೆಗೆ ಕೊಟ್ಟಷ್ಟೇ ಮರ್ಯಾದೆ ಕೊಟ್ಟು ಜೀವನಪೂರ್ತಿ ತೂಕ ಮಾಡಿದ ಕಥೆ. ಅಜ್ಜ ಪೂರ್ತಿ ಕೇಳಿದರು. ಆಮೇಲೆ ಚೀಟಿ ಇಸಕೊಂಡು, ಬೆಳಿಗ್ಗೆ ಮೊಣಕಾಲಿಗೆ ಹಚ್ಚಿಕೊಂಡಿದ್ದ ಎಣ್ಣೆಯ ಹೆಸರನ್ನೂ ತಾವೇ ಬರೆದರು.

ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ. ಬಿಪಿ, ಸಕ್ಕರೆ, ಫಿಟ್ಸ್, ರಕ್ತ ತೆಳು ಮಾಡೋ ಗುಳಿಗೆ ತಗೊಳ್ಳೋರು ಜೊತೆಗೆ ಏನು ಕುಡೀತಾರೆ, ಏನು ತಿಂತಾರೆ ಅಂತ. ನೀವಾಗಿ ಏನನ್ನೂ ನಿಲ್ಲಿಸೋಕೆ ಹೋಗಬೇಡಿ, ಗುಳಿಗೆಯನ್ನಂತೂ ನಿಲ್ಲಿಸಲೇಬೇಡಿ. ಬರೆದು ಡಾಕ್ಟರಿಗೆ ತೋರಿಸಿ, ಅಷ್ಟು ಸಾಕು.